ಹುಳವಿಲ್ಲದ ಕುಂಡಗಳು

ಮಣಿಪಾಲದ ಕಾಲೇಜೊಂದರಲ್ಲಿ ನಾನು ಗುಡಿಸುತ್ತಿದ್ದಾಗ, ಓದಲು ಬಂದ ಧಾರವಾಡದ ಹುಡುಗಿಯೊಬ್ಬಳು ಮುಚ್ಚಿದ ಬಾಗಿಲ ಹಿಂದೆ "ಉಣ್ಣೋ ನನ್ನ ರಾಜಾ" ಎನ್ನುವುದು ಕೇಳಿಸಿತು. ಸುದ್ದಿಯನ್ನು ನಮ್ಮೂರು ಕಾಪುವಿನವರೆಗೆ ನಾನೇ ಮುಟ್ಟಿಸಿದೆ. ಮರುದಿನ ಇಣುಕಿದರೆ, ರಾಜ ಅಂದರೆ ಎರೆಹುಳ! ಹುಳಗಳು ತರಗೆಲೆ ತಿಂದು ಎಷ್ಟು ಕಪ್ಪು ಮಣ್ಣು ಮಾಡುತ್ತವೆಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕಿ, ಕುಂಡಗಳಲ್ಲಿ ತಾಳೆ ನೋಡುತ್ತಿದ್ದಳಂತೆ.

ಅರ್ಧ ಕುಂಡಗಳಲ್ಲಿ ಹುಳವೇ ಇರಲಿಲ್ಲ. ಪಾಪ, ಮರೆತಿದ್ದಾಳೆಂದು ನನ್ನ ಮಲ್ಲಿಗೆ ಬುಡದ ಹುಳಗಳನ್ನು ಬಾಳೆಲೆಯಲ್ಲಿ ಕಟ್ಟಿ ತಂದು ಹಾಕಿದೆ.

ಕೆಲವು ತಿಂಗಳ ಮೇಲೆ ಕಂಪ್ಯೂಟರಿನ ಮುಂದೆ ಕೂತು ಅಳುತ್ತಿದ್ದಳು.

"ಹೋಲಿಸಿ ನೋಡಾಕಂತ ಹುಳ ಹಾಕದ ಬಿಟ್ಟ ಕುಂಡದಾಗೂ ಮಣ್ಣು ಕಪ್ಪಾಗೇದ ಅಮ್ಮಾ. ನನ್ನ ಲೆಕ್ಕಾನ ತಪ್ಪು, ಎಲ್ಲಾ ಮೊದಲಿಂದ ಮಾಡು ಅಂತಾರ ಸರ್."

ನಾನು ಪೊರಕೆ ಕೆಳಗಿಟ್ಟೆ. "ನಿನ್ನ ಲೆಕ್ಕ ಸರಿ ಉಂಟು ಮಾರಾಯ್ತಿ. ಹುಳ ಹಾಕಿದ್ದು ನಾನು."

"ಎಷ್ಟು ಹಾಕಿದ್ರಿ?"

"ಕುಂಡಕ್ಕೆ ಐದು."

ಐದನ್ನು ಕಂಪ್ಯೂಟರಿಗೆ ಹಾಕಿದಳು. ಲೆಕ್ಕವೂ ಮಣ್ಣೂ ಸರಿಹೋದವು. ಮಣ್ಣು ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು.

ಇಷ್ಟು ವರ್ಷ ಊರವರ ಗುಟ್ಟನ್ನೆಲ್ಲ ಹೇಳಿದ್ದೇನೆ, ಯಾರೂ ಹಾಗೆ ಅಪ್ಪಿಕೊಂಡದ್ದಿಲ್ಲ.