ಚಿತ್ರದಲ್ಲಿ ಜರುಗಿದ ಹೊಂಗೆಮರ

ತೊಂಬತ್ತರ ದಶಕದ ಕೊನೆ. ಎಂ.ಎ. ಓದುತ್ತಿದ್ದೆ. ಭಾನುವಾರ ಬೆಳಿಗ್ಗೆ ಸೈಕಲ್ ಹತ್ತಿ ಹಿನಕಲ್ ದಾಟಿ ಒಂದು ಸಣ್ಣ ಕೆರೆಗೆ ಹೋಗಿ, ಏರಿಯ ಮೇಲೆ ಕೂತು ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೆ. ಎಡಕ್ಕೆ ನೀರು, ದಡದಲ್ಲಿ ಹೊಂಗೆಮರ, ಅದರಾಚೆ ಬಲಕ್ಕೆ ಪಂಪ್‌ಹೌಸು. ನನ್ನನ್ನು ಮಾತಾಡಿಸುತ್ತಿದ್ದುದು ಎರಡು ಎಮ್ಮೆ ಸಾಕಿಕೊಂಡಿದ್ದ ಒಬ್ಬ ಹೆಂಗಸು ಮಾತ್ರ. ಅವರ ಎಮ್ಮೆಗಳು ನೀರಿಗಿಳಿಯುವ ಇಳಿಜಾರು ಆ ಮರದ ಎಡಕ್ಕಿತ್ತು.

ಪರೀಕ್ಷೆಯೆಂದು ಎರಡು ತಿಂಗಳು ಹೋಗಲಿಲ್ಲ. ಮತ್ತೆ ಹೋದಾಗ ಮರವೂ ಇರಲಿಲ್ಲ, ಇಳಿಜಾರೂ ಇರಲಿಲ್ಲ. ಲಾರಿಗಳು ಸುರಿದ ಮಣ್ಣು ನೀರಿನೊಳಕ್ಕೆ ಚಾಚಿತ್ತು. ಮೇಲೆ ಸೈಟಿನ ಕಲ್ಲುಗಳು.

"ಮರದಿಂದ ಎಡಕ್ಕೆಲ್ಲ ಕೆರೆ ಅಂತ ಎಲ್ರಿಗೂ ಗೊತ್ತು. ಅರ್ಜಿ ಕೊಟ್ರೆ, ಮರ ಎಲ್ಲಿತ್ತು ತೋರ್ಸಿ ಅಂತಾರೆ ಸರ್ವೇಯವ್ರು. ನೀ ಬರ್ದಿದ್ದೀಯಲ್ಲ ತಾಯಿ, ತಕ್ಕೊಂಡ್ ಬಾ" ಎಂದರು ಆಕೆ.

ಗುರುವಾರ ಸರ್ವೇಯರ್ ಬಂದರು. ಸೈಟು ಮಾಡಿದವರ ಕಡೆಯವನೊಬ್ಬ ಕೈಕಟ್ಟಿ ನಿಂತಿದ್ದ. ಸರ್ವೇಯರ್ ಏರಿಯ ಮೇಲೆ ನಾನು ಕೂರುತ್ತಿದ್ದ ಜಾಗದಲ್ಲೇ ನಿಂತು, ಚಿತ್ರವನ್ನು ಎತ್ತಿ ಹಿಡಿದು, ಎದುರಿನ ಪಂಪ್‌ಹೌಸಿಗೆ ಹೋಲಿಸಿದರು. ಚಿತ್ರದಲ್ಲಿ ಮರ ಪಂಪ್‌ಹೌಸಿಗೆ ಅಂಟಿಕೊಂಡಂತಿತ್ತು.

"ನೋಡ್ಕೊಂಡೇ ಬರ್ದಿದ್ದು ತಾನೇನಮ್ಮ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎಂದರೆ ಪಂಪ್‌ಹೌಸಿನವರೆಗೂ ಕೆರೆಯ ಜಾಗವೆಂದು ಸರ್ವೇಯರ್ ಬರೆದುಕೊಳ್ಳುತ್ತಿದ್ದರು. ಆದರೆ ನಿಜವಾದ ಮರ ಹಾಳೆಯ ನಟ್ಟನಡುವೆ ಬಂದು ಚಿತ್ರವನ್ನು ಎರಡು ಹೋಳು ಮಾಡುತ್ತಿತ್ತೆಂದು ನಾನು ಅದನ್ನು ಬಲಕ್ಕೆ ಸರಿಸಿದ್ದೆ. ಚಿತ್ರ ಬರೆಯುವವರು ಹಾಗೆ ಮಾಡುತ್ತಾರೆ.

"ಮರ ಇನ್ನೂ ಎಡಕ್ಕಿತ್ತು ಸರ್. ನಾನೇ ಜರುಗಿಸಿದೆ."

ಸೈಟಿನವನು ನಕ್ಕ. "ಬುಡಿ ಸಾರ್. ಇವತ್ತು ಮರ ಜರುಗ್ಸವ್ರೆ, ನಾಳೆ ಚಾಮುಂಡಿಬೆಟ್ಟನೂ ಜರುಗುಸ್ತಾರೆ."

ಸರ್ವೇಯರ್ ಚಿತ್ರವನ್ನು ಸುತ್ತತೊಡಗಿದರು. ನಾನು ತಡೆದು, ಬಣ್ಣದಡಿಯ ಪೆನ್ಸಿಲ್ ಗೆರೆ ತೋರಿಸಿದೆ. ಮೊದಲು ಮರವನ್ನು ಇದ್ದಲ್ಲೇ ಗುರುತು ಹಾಕಿದ್ದೆ. ಉಜ್ಜಿದ ಮೇಲೂ ತೆಳುನೀಲಿಯ ಕೆಳಗೆ ಅದು ಕಾಣುತ್ತಿತ್ತು. ಅವರು ಹಾಳೆಯನ್ನು ಬಿಸಿಲಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಅಲ್ಲಿ ಅಗೀರಿ, ನೋಡೋಣ" ಎಂದರು ಆಳುಗಳಿಗೆ.

ಮೊದಲ ಗುಂಡಿಯಲ್ಲಿ ಬರೀ ಇಟ್ಟಿಗೆ ಚೂರು. ಎರಡನೆಯದರಲ್ಲೂ ಅಷ್ಟೇ. ಸೈಟಿನವನು ಗಡಿಯಾರ ನೋಡಿಕೊಂಡ. ಮೂರನೆಯದರಲ್ಲಿ ಹಾರೆ ಮರದ ಬುಡಕ್ಕೆ ತಗುಲಿತು. ಸರ್ವೇಯರ್ ಅಲ್ಲಿಗೇ ಗೂಟ ಹೊಡೆಸಿ, ಎಡಕ್ಕಿದ್ದ ಮಣ್ಣು ತೆಗೆಯಬೇಕೆಂದು ಬರೆದರು. ಹೂತುಹೋಗಿದ್ದ ಇಳಿಜಾರು ಮತ್ತೆ ದಕ್ಕಿತು. ಗೂಟದಿಂದ ಪಂಪ್‌ಹೌಸಿನವರೆಗಿನ, ಎಮ್ಮೆಗಳು ಮೇಯುತ್ತಿದ್ದ ಹುಲ್ಲುಜಾಗ ಸೈಟಿನವರಿಗೆ ಹೋಯಿತು.

"ಸುಮ್ನಿದ್ದಿದ್ರೆ ಅದೂ ಉಳೀತಿತ್ತು ಕಣವ್ವ" ಎಂದರು ಆಕೆ.

ಮುಂದಿನ ಭಾನುವಾರ ಹೋಗಿ ಕೂತೆ. ಅವರು ಎಮ್ಮೆ ಹೊಡೆದುಕೊಂಡು ನನ್ನ ಮುಂದೆಯೇ ಹೋದರು, ಮಾತಾಡಿಸಲಿಲ್ಲ.