ಇನ್ನೊಂದು ಪಾರ್ಟಿ

ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನು ಬಂತು. ಗೊತ್ತಿಲ್ಲದ ನಂಬರು. ಗೊತ್ತಿಲ್ಲದ ನಂಬರಿನಿಂದ ಒಳ್ಳೆಯ ಸುದ್ದಿ ಬಂದದ್ದು ನನಗೆ ನೆನಪಿಲ್ಲ; ಆದರೂ ಎತ್ತುತ್ತೇನೆ. ಎತ್ತದೆ ಬಿಟ್ಟರೆ ಏನಿತ್ತೋ ಏನೋ ಎಂದು ಸಂಜೆಯವರೆಗೆ ಒದ್ದಾಡುವ ಜಾಯಮಾನ ನನ್ನದು. ಎಳೆಯ ದನಿಯೊಂದು, "ಸರ್, ಕೊಟ್ಟೂರಾಗ ನಿಮ್ಮದು ಮನಿ ಐತಲ್ರಿ, ಅದನ್ನೇನರ ಕೊಡ್ತೀರೇನ್ರಿ? ಪಾರ್ಟಿ ರೆಡಿ ಅದಾರ," ಎಂದಿತು. ಇಲ್ಲಪ್ಪ, ಕೊಡುವುದಿಲ್ಲ ಎಂದು ಇಟ್ಟೆ. ಇಟ್ಟ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತರೆ ರುಚಿ ಹತ್ತಲಿಲ್ಲ.

ಮನೆ ಮಾರಿಸುವ ದಲ್ಲಾಳಿಗಳ ಮಾತಿನಲ್ಲಿ ಪಾರ್ಟಿ ಎಂದರೆ ಕೊಳ್ಳುವವನು. ಬರಿಯ ಪಾರ್ಟಿ ಎಂದರೆ ನೀವು. ಇನ್ನೊಂದು ಪಾರ್ಟಿ ಎಂದರೆ ಅದೇ ಮನೆಗೆ ಕಣ್ಣು ಹಾಕಿ ನೀವು ದರ ಏರಿಸುವಂತೆ ಮಾಡುವವನು. ಆರೇಳು ವರ್ಷದ ಹಿಂದೆ, ಈಗ ನಾನು ಕೂತಿರುವ ಈ ಮನೆಯನ್ನೇ ಕೊಳ್ಳುವಾಗ, ನನಗೂ ಒಂದು ಇನ್ನೊಂದು ಪಾರ್ಟಿ ಇತ್ತು. ಅದರ ಜೊತೆ ಹಟಕ್ಕೆ ಬಿದ್ದು, ದರ ಏರಿಸಿ, ಗೆದ್ದೆ. ಗೆದ್ದ ಮೇಲೆ ಗೊತ್ತಾಯಿತು, ಆ ಇನ್ನೊಂದು ಪಾರ್ಟಿ ನನ್ನ ಒಡಹುಟ್ಟಿದ ಅಕ್ಕ. ಇದನ್ನು ನಿಮಗೆ ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಮುಚ್ಚಿಟ್ಟೇ ನಮ್ಮ ಮನೆತನಕ್ಕೆ ಈ ಗತಿ ಬಂದದ್ದು.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ತೀರ ತಿಳಿಯಲೇಬೇಕಿದ್ದರೆ "ದೂರ ಹೊಂಟ್ರೇನ್ರಿ?" ಎನ್ನಬೇಕು, ಹೊರಟವರು ಕಾಶಿಗೆ ಹೊರಟಿದ್ದರೂ "ಇಲ್ಲೇ" ಎನ್ನಬೇಕು. ನಮ್ಮವ್ವ ಇದನ್ನು ಇನ್ನಷ್ಟು ಬಿಗಿ ಮಾಡಿದ್ದಳು. ಆಗಬೇಕಾದ ಕೆಲಸದ ಬಗ್ಗೆ ಆಗುವತನಕ ಯಾರೆದುರೂ ಬಾಯಿ ಬಿಡಕೂಡದು. ಹೆಣ್ಣು ನೋಡಲು ಬಂದದ್ದಿರಲಿ, ಪರೀಕ್ಷೆಗೆ ಕಟ್ಟಿದ್ದಿರಲಿ, ಎಮ್ಮೆ ಗಬ್ಬವಾದದ್ದಿರಲಿ, ಎಲ್ಲಕ್ಕೂ ಅದೇ ಕಾನೂನು. ನನಗೆ ನೌಕರಿಯಾದದ್ದು ಅಕ್ಕನಿಗೆ ಗೊತ್ತಾದದ್ದು ಮೊದಲ ಸಂಬಳದ ಸೀರೆ ಅವಳ ಕೈಗೆ ಬಂದಾಗ. ಅವಳೂ ಕಡಿಮೆಯವಳಲ್ಲ, ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು ನಿಂತ ಮೇಲೆ ವಿಷಯ ಹೇಳಿದಳು. ಎಲ್ಲ ದೃಷ್ಟಿ ತಾಗೀತೆಂಬ ಹೆದರಿಕೆ. ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು, ಇಂಥದನ್ನೆಲ್ಲ ನಂಬುವುದಿಲ್ಲ. ನಂಬದೆಯೇ ಪಾಲಿಸುತ್ತೇನೆ.

ಅಕ್ಕ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಸರಕಾರಿ ಆಸ್ಪತ್ರೆಯ ನರ್ಸಮ್ಮನಾಗಿ ಚಿಗಟೇರಿ, ಕೋಗಳಿ, ಉಚ್ಚಂಗಿದುರ್ಗ ಎಂದು ಹಳ್ಳಿಯಿಂದ ಹಳ್ಳಿಗೆ ವರ್ಗವಾಗುತ್ತ, ನಿವೃತ್ತಿಯ ಹೊತ್ತಿಗೆ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಬಾಡಿಗೆ ಮನೆಯಲ್ಲಿ ಬಂದು ನಿಂತಿದ್ದಳು. ಭಾವ ಮದುವೆಯಾದ ಕೆಲವೇ ವರ್ಷಕ್ಕೆ ಹೋಗಿಬಿಟ್ಟರು, ಮಕ್ಕಳಿಲ್ಲ. ಅವಳ ಜೀವಮಾನವೆಲ್ಲ ಓನರುಗಳ ಕಾಟದಲ್ಲೇ ಕಳೆಯಿತು. ಒಬ್ಬ ಓನರು ಗೋಡೆಗೆ ಮೊಳೆ ಹೊಡೆಯಬಾರದು ಎಂದು ಷರತ್ತು ಹಾಕಿದ್ದ. ಅಲ್ಲಿದ್ದಷ್ಟು ದಿನವೂ ಅಕ್ಕ ಕ್ಯಾಲೆಂಡರನ್ನು ಕಿಟಕಿಯ ಸರಳಿಗೆ ಕಟ್ಟಿದ್ದಳು. ಗಾಳಿ ಬಂದರೆ ತಿಂಗಳುಗಳು ತಮ್ಮಷ್ಟಕ್ಕೆ ತಾವೇ ತಿರುವಿಕೊಳ್ಳುತ್ತಿದ್ದವು. ಸ್ವಂತ ಮನೆಯ ಆಸೆ ಅವಳಿಗಿತ್ತು ಎಂದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ನಾವೂ ಆಗ ಕೊಟ್ಟೂರಿನಲ್ಲಿ ಬಾಡಿಗೆಗೆ ಇದ್ದೆವು. ಹಿಂದಿನ ಓಣಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಎಂದು ಸುದ್ದಿ ತಂದವನು ಕೊಟ್ರೇಶ. ನಮ್ಮೂರಲ್ಲಿ ಕೊಟ್ರೇಶ ಎಂದು ಕೂಗಿದರೆ ಅರ್ಧ ಬಜಾರು ತಿರುಗಿ ನೋಡುತ್ತದೆ. ನಾನು ಹೇಳುವವನು ಬಸ್‌ಸ್ಟ್ಯಾಂಡಿನ ಚಾದಂಗಡಿಯ ಮುಂದೆ ನಿಲ್ಲಿಸಿದ ಬೈಕಿನ ಮೇಲೆ ಕೂತು, ಆ ಬೈಕನ್ನೇ ಆಫೀಸು ಮಾಡಿಕೊಂಡ ದಲ್ಲಾಳಿ. ಮೂರು ಕೋಣೆ, ಹಿತ್ತಲಲ್ಲಿ ಕರಿಬೇವಿನ ಗಿಡ, ಕುಡಿಯುವ ನೀರಿನ ನಲ್ಲಿ. ಮಾಲೀಕರು ಮಗಳ ಊರಿಗೆ ಹೋಗುವವರಿದ್ದರು. ನನ್ನ ಹೆಂಡತಿ ಅಡಿಗೆಮನೆಯಲ್ಲಿ ನಿಂತು ಒಂದು ಸಲ ಸುತ್ತ ನೋಡಿ ಏನೂ ಮಾತಾಡದೆ ಹೊರಗೆ ಬಂದಳು. ಅವಳು ಮಾತಾಡದಿದ್ದರೆ ಮನಸ್ಸಿಗೆ ಬಂದಿದೆ ಎಂದರ್ಥ.

ನಾನು ಒಂದು ದರ ಹೇಳಿದೆ. ಎರಡು ದಿನಕ್ಕೆ ಕೊಟ್ರೇಶ ಬಂದು ದನಿ ತಗ್ಗಿಸಿದ.

"ಸರ್, ಇನ್ನೊಂದು ಪಾರ್ಟಿ ಬಂದೈತ್ರಿ."

ಯಾರಪ್ಪ ಅದು ಎಂದರೆ ತಲೆಯಾಡಿಸಿದ. ಆ ಪಾರ್ಟಿಯ ಕಡೆಯ ಏಜೆಂಟೇ ಬೇರೆಯಂತೆ. ಇವನಿಗೆ ಅವನ ಫೋನು ಮಾತ್ರ ಗೊತ್ತಂತೆ. "ಲೋನು ಗೀನು ಇಲ್ಲಂತ ಸರ್, ರೊಕ್ಕ ಕೈಯಾಗ ಐತಂತ," ಎಂದು ಗಾಯಕ್ಕೆ ಉಪ್ಪು ಸವರಿ ಹೋದ.

ಅಂದಿನಿಂದ ಆ ಪಾರ್ಟಿ ನನ್ನ ತಲೆಯೊಳಗೇ ಮನೆ ಮಾಡಿಕೊಂಡಿತು. ಸಾಲವಿಲ್ಲದೆ ಮನೆ ಕೊಳ್ಳುವವನು ಗಣಿ ದುಡ್ಡಿನವನೇ ಇರಬೇಕು. ಕೊರಳಿಗೆ ಬಂಗಾರದ ಚೈನು, ಬಿಳಿ ಕಾರು, ಕಾರಿನಲ್ಲಿ ಒಂದು ನಾಯಿ. ನಾಯಿಯನ್ನು ಏಕೆ ಕೂಡಿಸಿದೆನೋ ತಿಳಿಯದು. ಕ್ಲಾಸಿನಲ್ಲಿ ಬೇಡಿಕೆ ಹೆಚ್ಚಾದರೆ ಬೆಲೆ ಏರುತ್ತದೆ ಎಂದು ಬೋರ್ಡಿನ ಮೇಲೆ ಗೆರೆ ಎಳೆಯುವಾಗ ಆ ಗೆರೆಯ ತುದಿಯಲ್ಲಿ ಅವನು ಚೈನು ಸರಿಮಾಡಿಕೊಳ್ಳುತ್ತ ಕೂತಿರುತ್ತಿದ್ದ. ಅವನು ಆ ಕರಿಬೇವಿನ ಗಿಡ ಕಡಿಸಿ ಕಾರು ನಿಲ್ಲಿಸುತ್ತಾನೆ ಎಂದು ಹೆಂಡತಿಗೆ ಹೇಳಿದೆ. "ಯಾರು ಹೇಳಿದ್ರು ನಿಮಗ?" ಎಂದಳು. ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು, ಅಷ್ಟೆ. ಅಂಥವನ ಕೈಗೆ ಮನೆ ಹೋಗಬಾರದೆಂದು ದರ ಏರಿಸಿದೆ. ಅವನೂ ಏರಿಸಿದ.

ಈಗ ಹೇಳಬೇಕಾದದ್ದು ಬಸ್‌ಸ್ಟ್ಯಾಂಡಿನ ಸಂಗತಿ. ನೆನೆದಾಗಲೆಲ್ಲ ನಾನು ಕೂತಲ್ಲೇ ಮಿಸುಕಾಡುತ್ತೇನೆ.

ಅಂದು ಬ್ಯಾಂಕಿಗೆ ಹೋಗಿ ಸಾಲ ಎಷ್ಟು ಹಿಗ್ಗೀತು ಎಂದು ಕೇಳಿಕೊಂಡು ಬರುತ್ತಿದ್ದೆ. ಎದುರಿಗೆ ಅಕ್ಕ. ಕೈಯಲ್ಲಿ ಬಟ್ಟೆಯ ಚೀಲ, ಕೊಡೆ. ಇಬ್ಬರೂ ಕಳ್ಳರ ಹಾಗೆ ಬೆಚ್ಚಿದೆವು. ಪರಿಚಯದವಳೊಬ್ಬಳು ಬಾಣಂತಿ, ನೋಡಲು ಬಂದಿದ್ದೆ ಎಂದಳು ಅಕ್ಕ. ಕಾಲೇಜಿನ ಕೆಲಸಕ್ಕೆ ಬ್ಯಾಂಕಿಗೆ ಬಂದಿದ್ದೆ ಎಂದೆ ನಾನು. ಮನೆಗೆ ಬಾ ಎಂದರೆ ಬಸ್ಸಿಗೆ ಹೊತ್ತಾಯಿತು ಎಂದಳು. ಸರಿ, ಗಾಡಿಯ ಮುಂದೆ ನಿಂತು ಮಂಡಕ್ಕಿ ಮಿರ್ಚಿ ತಿಂದೆವು. ಎಣ್ಣೆ ತಿನ್ನಬೇಡ ಎಂದು ಊರಿಗೆಲ್ಲ ಹೇಳುತ್ತ ಬಂದ ನರ್ಸಮ್ಮ ಅಂದು ಇನ್ನೊಂದು ಮಿರ್ಚಿ ಕೇಳಿ ಹಾಕಿಸಿಕೊಂಡಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಈ ಊರಿನ ಗಾಳಿ ಒಳ್ಳೆಯದು ಎಂದಳು. ನಾವು ನಿಂತಿದ್ದಲ್ಲಿ ಲಾರಿ ಎಬ್ಬಿಸಿದ ಧೂಳು ಮಂಡಕ್ಕಿಯ ಮೇಲೆ ಇಳಿಯುತ್ತಿತ್ತು. ಆಮೇಲೆ, ಮಾತಿಗೆ ಮಾತು ಬಂತೆನ್ನುವ ಹಾಗೆ, ಕೇಳಿದಳು:

"ನಿಮ್ಮ ಓಣಿಯಾಗ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೋ ತಮ್ಮಾ?"

ಬೇರೆ ಊರಿನ ಹೆಂಗಸೊಬ್ಬಳು ನಿಮ್ಮ ಓಣಿಯ ನೀರಿನ ವಿಚಾರ ಕೇಳಿದರೆ ಅದರ ಅರ್ಥವೇನು? ನೀವಾಗಿದ್ದರೆ ಅಲ್ಲೇ ಹಿಡಿಯುತ್ತಿದ್ದಿರಿ. ನಾನು, ಮನೆಯ ಗುಟ್ಟು ಬಾಯಿಂದ ಎಲ್ಲಿ ಜಾರೀತೋ ಎಂಬ ಆತಂಕದಲ್ಲಿ, ನಾಲ್ಕು ದಿನಕ್ಕೊಮ್ಮೆ ಎಂದಷ್ಟೇ ಹೇಳಿ ಮಾತು ತಪ್ಪಿಸಿದೆ. ಅವಳೂ ಮುಂದೆ ಕೇಳಲಿಲ್ಲ. ಬಸ್ಸು ಹತ್ತಿಸಿದೆ. ಕಿಟಕಿಯಿಂದ ಕೈ ಬೀಸಿದಳು.

ಬಸ್ಸು ತಿರುವಿನಲ್ಲಿ ಮರೆಯಾಗಿತ್ತು, ಅಷ್ಟೆ. ಕೊಟ್ರೇಶನ ಫೋನು. "ಸರ್, ಆ ಪಾರ್ಟಿ ಇವತ್ತು ಬಂದು ಮತ್ತೊಮ್ಮೆ ಮನಿ ನೋಡಿ ಹೋದ್ರಂತ. ಮನಸ್ಸು ಮಾಡಿಬಿಟ್ಟಾರ. ನಾಳೆ ಅಡ್ವಾನ್ಸ್ ಕೊಡ್ತಾರಂತ. ನೀವು ಹೆಂಗ ಮಾಡ್ತೀರಿ?" ಮಿರ್ಚಿಯ ಎಣ್ಣೆ ಇನ್ನೂ ಬೆರಳಲ್ಲಿತ್ತು. ಅಲ್ಲೇ ನಿಂತು ಒಮ್ಮೆಲೇ ಒಂದು ಲಕ್ಷ ಏರಿಸಿದೆ. ಅಂಥ ಗಂಡಸುತನ ನನ್ನ ಜೀವನದಲ್ಲಿ ಅದೇ ಮೊದಲು, ಅದೇ ಕೊನೆ. ಮರುದಿನ ಬೆಳಿಗ್ಗೆ ಕೊಟ್ರೇಶ ನಗುತ್ತ ಬಂದ. ಇನ್ನೊಂದು ಪಾರ್ಟಿ ಕೈ ಬಿಟ್ಟಿತಂತೆ. ಚೈನಿನವನ ಸೊಕ್ಕು ಮುರಿದೆ ಎಂದು ಅವನಿಗೊಂದು ಚಾ ಕುಡಿಸಿದೆ.

ಗೃಹಪ್ರವೇಶದ ಕಾರ್ಡು ಅಚ್ಚಾದ ಮೇಲೆ ನೆಂಟರಿಗೆಲ್ಲ ಸುದ್ದಿ ಹೇಳಿದೆವು. ಅಕ್ಕನಿಗೂ. ಯಾವ ಓಣಿ, ಯಾವ ಮನೆ ಎಂದು ಎರಡೆರಡು ಸಲ ಕೇಳಿದಳು. ಆಮೇಲೆ, ಒಳ್ಳೇದಾತು ಬಿಡೋ, ಎಂದಳು. ನಾನು ಅದನ್ನು ಸಂತೋಷವೆಂದುಕೊಂಡೆ.

ಗೃಹಪ್ರವೇಶದ ಹಿಂದಿನ ದಿನವೇ ಅಕ್ಕ ಬಂದಳು. ಹಿತ್ತಾಳೆಯ ಜೋಡಿ ದೀಪ, ನನ್ನ ಹೆಂಡತಿಗೆ ಇಳಕಲ್ ಸೀರೆ. ಮನೆಯ ತುಂಬ ಜನ. ಹೆಂಡತಿ ಹಿತ್ತಲ ಬಾಗಿಲು ತೆರೆಯಲು ಗುದ್ದಾಡುತ್ತಿದ್ದಳು. ಹಳೆಯ ಬಾಗಿಲು, ಕೆಳಗೆ ಕಚ್ಚುತ್ತಿತ್ತು. ಅಕ್ಕ ಬಂದವಳೇ, "ಹಂಗಲ್ಲವ್ವ, ಸ್ವಲ್ಪ ಮ್ಯಾಲಕ್ಕೆತ್ತಿ ಎಳೀಬೇಕು," ಎಂದು ಒಂದೇ ಕೈಯಲ್ಲಿ ತೆರೆದಳು. ತೆರೆದು, ತಾನೇ ನಿಂತುಬಿಟ್ಟಳು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿತ್ತು.

ಕರಿಬೇವಿನ ಗಿಡದ ಹತ್ತಿರ ಹೋಗಿ ನಿಂತೆವು. ಒಳಗೆ ಹೋಳಿಗೆಯ ಹೂರಣ ರುಬ್ಬುವ ಸದ್ದು.

"ಅಕ್ಕಾ, ನೀ ಈ ಮನಿ ನೋಡಿದ್ದೇನು?"

"ನೋಡಿದ್ದೆ. ಇರಲಿ ಬಿಡು."

"ಅಡ್ವಾನ್ಸ್ ಕೊಡೂತನಕ ಹೋಗಿದ್ದೆ?"

"ಇರಲಿ ಬಿಡಂದ್ನೆಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, ನಗಲು ನೋಡಿದಳು. "ಒಮ್ಮೆಲೇ ಲಕ್ಷ ಏರಿಸಿದಾಗ ಇವನು ಯಾವನೋ ದೊಡ್ಡ ಕಂಟ್ರಾಕ್ಟರ್ ಇರಬೇಕು ಅಂದ್ಕೊಂಡೆ. ಕೂಲಿಂಗ್ ಗ್ಲಾಸಿನಾಂವ."

ಅವಳ ತಲೆಯಲ್ಲೂ ಒಬ್ಬ ಕೂತಿದ್ದ. ನಾನೇ ಅವನು. ಚೈನಿನ ವಿಷಯ ಅವಳಿಗೆ ಹೇಳಿದೆ; ನಾಯಿಯ ವಿಷಯವನ್ನೂ. ನಕ್ಕಳು, ನಿಜವಾಗಿಯೇ ನಕ್ಕಳು, ನನಗೆ ಮಾತ್ರ ಆಗಲಿಲ್ಲ. ಇಲ್ಲಿಗೇ ಬಂದುಬಿಡು, ಮೂರನೆಯ ಕೋಣೆ ನಿನ್ನದೇ, ಎಂದೆ. ಅವಳು ಕರಿಬೇವಿನ ಎಸಳೊಂದನ್ನು ಕಿತ್ತು ಮೂಸಿ ನೋಡುತ್ತ ನಿಧಾನ ಹೇಳಿದಳು:

"ನಿನ್ನ ಮನಿಗೆ ನಾ ಬರೂದು ಇದ್ದದ್ದ ಐತಿ. ಸರ್ವಿಸಿನುದ್ದಕ್ಕ ಮಂದಿ ಮನ್ಯಾಗ ಕೂತು ಚಾ ಕುಡದೀನಿ. ಸಂಜಿಮುಂದ ಕಾಲೇಜು ಬಿಟ್ಟು ಬರೋವಾಗ ನೀ ನನ್ನ ಮನಿಗೆ ಬರಬೇಕು, ನಾ ಚಾ ಮಾಡಿ ಕೊಡಬೇಕು ಅಂತಿತ್ತು. ಅಷ್ಟ."

ಒಳಗಿನಿಂದ ಯಾರೋ ಕೂಗಿದರು. ಹೋದಳು. ಮರುದಿನ ಬಂದ ಮಂದಿಗೆಲ್ಲ ತಾನೇ ಮುಂದೆ ನಿಂತು ಬಡಿಸಿದಳು; ಕೊಟ್ರೇಶನಿಗೂ ಎರಡು ಸಲ ಹೋಳಿಗೆ ಹಾಕಿದಳು. ತಾನು ಬಡಿಸಿಕೊಳ್ಳುತ್ತಿರುವುದು ಯಾರಿಂದ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ನೀರಿನ ವಿಚಾರ ಅಕ್ಕ ಕೇಳಿದ್ದು ಅವನನ್ನಲ್ಲವಲ್ಲ.

ಆಮೇಲೆ ಅಕ್ಕ ಮನೆ ಹುಡುಕುವುದನ್ನೇ ಬಿಟ್ಟಳು. ಅದೇ ಬಾಡಿಗೆ ಮನೆ, ಬಾಡಿಗೆ ಮಾತ್ರ ವರ್ಷ ವರ್ಷ ಬೇರೆ. ಹಬ್ಬಕ್ಕೆ ಬರುತ್ತಾಳೆ, ಎರಡು ದಿನ ಇರುತ್ತಾಳೆ, ಮೂರನೆಯ ದಿನ ಚೀಲ ಹುಡುಕುತ್ತಾಳೆ. ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬ್ಯಾಂಕಿನವರು ಕೊಡುತ್ತೇನೆಂದದ್ದು, ಅವಳ ಕೈಯಲ್ಲಿದ್ದ ನಿವೃತ್ತಿಯ ದುಡ್ಡು, ನಾವಿಬ್ಬರೂ ಪರಸ್ಪರ ಏರಿಸಿ ಮಾಲೀಕರ ಮಡಿಲಿಗೆ ಹಾಕಿದ್ದು. ಎಲ್ಲ ಕೂಡಿಸಿದ್ದರೆ ಇದೇ ಸಾಲಿನಲ್ಲಿ ಸಣ್ಣವೆರಡು ಮನೆ ಬರುತ್ತಿದ್ದವು. ಈಗ ಬೇಡಿಕೆ ಪೂರೈಕೆಯ ಪಾಠ ಮಾಡುವಾಗ, ಕೊಳ್ಳುವವರು ಒಬ್ಬರಿಗೊಬ್ಬರು ಪರಿಚಯದವರಾಗಿದ್ದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳುತ್ತೇನೆ. ಸಿಲಬಸ್ಸಿನಲ್ಲಿ ಇದೆಯಾ ಸರ್ ಎನ್ನುತ್ತವೆ. ಇಲ್ಲ ಎನ್ನುತ್ತೇನೆ.

ಇಂದು ಆ ಹುಡುಗನ ಫೋನು ಇಟ್ಟ ಮೇಲೆ ಇಷ್ಟೆಲ್ಲ ನೆನಪಾಗಿ, ಸುಮ್ಮನೆ ಕೂರಲಾಗದೆ ಅಕ್ಕನಿಗೆ ಫೋನು ಹಚ್ಚಿದೆ. ಯಾವನೋ ನಮ್ಮ ಮನೆ ಕೇಳಿದ ಎಂದೆ. ಎಷ್ಟಕ್ಕೆ ಕೇಳಿದ ಎಂದಳು. ಅದನ್ನು ಕೇಳಲಿಲ್ಲ ಎಂದೆ. ನೀನೆಂಥಾ ಮಾಸ್ತರೋ ಎಂದು ಬೈದಳು. ಆಮೇಲೆ ದನಿ ಸಣ್ಣದು ಮಾಡಿ ಹೇಳಿದಳು:

"ಇಲ್ಲೇ ಎರಡು ಕೋಣಿ ಮನಿ ಒಂದು ನೋಡಿ ಬಂದೀನಿ. ಇನ್ನೂ ಯಾವುದೂ ಮುಗದಿಲ್ಲ. ನಿನಗ ಹೇಳಬೇಕು ಅನ್ನಿಸ್ತು."

ಮುಗಿಯದ ಕೆಲಸವೊಂದನ್ನು ನಮ್ಮ ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಳಿದ್ದು ಅದೇ ಮೊದಲು. ಖುಷಿಪಡಬೇಕಿತ್ತು. ಅಯ್ಯೋ, ಬಾಯಿ ಬಿಟ್ಟಳಲ್ಲ, ಕೆಟ್ಟೀತು, ಎಂದೇ ನನಗೆ ಮೊದಲು ಅನ್ನಿಸಿದ್ದು. ಮನೆ ಹಗರಿಬೊಮ್ಮನಹಳ್ಳಿಯಲ್ಲಿ, ಕಾಲೇಜು ಬಿಟ್ಟು ನಡೆದು ಹೋಗುವಷ್ಟು ಹತ್ತಿರವಲ್ಲ. ಕಾಗದಪತ್ರ ನೋಡಿದೆಯಾ, ನೀರು ಹೇಗೆ, ಎಷ್ಟು ಹೇಳುತ್ತಾರೆ ಎಂದೆಲ್ಲ ಕೇಳಿದೆ. ಒಂದೊಂದಕ್ಕೂ ಉತ್ತರ ಕೊಟ್ಟಳು.

"ಇನ್ನೊಂದು ಪಾರ್ಟಿ ಐತಂತೋ," ಎಂದಳು ಕೊನೆಗೆ.

"ಈ ಸಲ ನಾನಲ್ಲಕ್ಕಾ."

"ಗೊತ್ತೈತಿ," ಎಂದಳು. "ನೀ ಅಂತ ಗೊತ್ತಿದ್ರ ಆಗಲೂ ನಾ ಬಿಟ್ಟುಕೊಡ್ತಿದ್ದೆ."

ನಾನೂ ಬಿಟ್ಟುಕೊಡುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಡಿಗೆಮನೆಯಲ್ಲಿ ಹೆಂಡತಿ ಪಾತ್ರೆ ಜೋಡಿಸುತ್ತಿದ್ದಳು. ಅದು ನಿಜವೇ ಎಂದು ನನಗೇ ಖಾತ್ರಿಯಿಲ್ಲದೆ ಆ ಮಾತನ್ನು ಆಡಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ, ಇಬ್ಬರೂ ಕೂಡಿ ಹೋಗಿ ಮನೆ ನೋಡೋಣ, ಎಂದೆ.