ಬೆಲ್ಲದ ಚಹಾ ಬೇಡವೆಂದದ್ದು ಏಕೆ

ಮುಕ್ತಾ, ಅನಿಕೇತ, ನಿಮ್ಮಿಬ್ಬರ ಮುಂದೆ ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಷ್ಟು ವರ್ಷದಿಂದ ಚಹಾ ಕುಡಿಯುತ್ತಿದ್ದೇನೆ, ಆದರೆ ನನಗೆ ಎಷ್ಟು ಸಕ್ಕರೆ ಬೇಕೆಂದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಯಾರ ಮನೆಗಾದರೂ ಹೋದಾಗ ಕೇಳಿದರೆ "ನೀವು ಹಾಕ್ಕೊಳ್ಳೂವಷ್ಟ ಹಾಕ್ರಿ" ಎನ್ನುತ್ತೇನೆ. ಪಾಕದಂಥ ಚಹಾ ಕೊಟ್ಟರೂ ಕುಡಿದಿದ್ದೇನೆ, ಸಕ್ಕರೆ ಮರೆತು ಕೊಟ್ಟರೂ ಕುಡಿದಿದ್ದೇನೆ. ನಾಶಿಕದಲ್ಲಿದ್ದಾಗ ಒಮ್ಮೆ ನೆರೆಮನೆಯಾಕೆ ಅವಸರದಲ್ಲಿ ಉಪ್ಪು ಹಾಕಿ ಕೊಟ್ಟಿದ್ದಳು. ಅದನ್ನೂ ಕುಡಿದು, "ಛಾನ್ ಝಾಲಾ", ಚೆನ್ನಾಗಿದೆ, ಎಂದು ನನಗೆ ಬರುವ ನಾಲ್ಕು ಮರಾಠಿ ಮಾತಿನಲ್ಲಿ ಎರಡನ್ನು ಖರ್ಚು ಮಾಡಿ ಬಂದೆ. ಆಕೆ ತನ್ನ ಕಪ್ಪನ್ನು ಬಾಯಿಗಿಟ್ಟ ಮೇಲೆ ನಮ್ಮ ಮನೆಗೆ ಓಡಿಬಂದಳು.

ಇಂಥ ನಾನು ಹೋದ ಸೋಮವಾರ ಸಂಜೆ, ನಿಮ್ಮಪ್ಪ ಬಾಯಿಯ ಹತ್ತಿರ ಒಯ್ದ ಕಪ್ಪಿನ ಮೇಲೆ ಅಂಗೈ ಅಡ್ಡ ಇಟ್ಟೆ. ನೀವೆಲ್ಲ ಬೆರಗಾಗಿ ನೋಡಿದಿರಿ. ನನಗೂ ಬೆರಗೇ. ಅದು ಬೇಡವೆಂದು ನನಗೆ ಹೇಗೆ ಗೊತ್ತೆಂದು ಮುಕ್ತಾ ಕೇಳಿದಳು, ನನಗೆ ಬಾಯಿ ಬರಲಿಲ್ಲ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ನಾನು ಕಲಿತದ್ದೂ ಹೀಗೆಯೇ. ಮಾಸ್ತರರು ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದೆ, ಮಾತಾಡುತ್ತಿರಲಿಲ್ಲ. ಪಾಟಿಯ ಮೇಲೆ ಉತ್ತರ ಬರೆದು ಎತ್ತಿ ತೋರಿಸುತ್ತಿದ್ದೆ. ಈ ಹಾಳೆಗಳನ್ನು ನನ್ನ ಪಾಟಿ ಎಂದುಕೊಳ್ಳಿ.

ಮಳೆಗಾಲದ ಮೊದಲಿಗೆ ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಎಂದು ರಕ್ತದ ರಿಪೋರ್ಟು ಬಂತಲ್ಲ, ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ರಾಜ್ಯ ಹೋಯಿತು. ಮುಕ್ತಾ ಅದನ್ನು ಎತ್ತಿ ಅಟ್ಟದ ಮೇಲಿಟ್ಟು, ಅದರ ಜಾಗದಲ್ಲಿ ಒಂದು ಸಂತೆಯನ್ನೇ ಹೂಡಿದಳು. ಜೇನುತುಪ್ಪ ಬಂತು, ನಿಮ್ಮಪ್ಪ ಅದನ್ನು ಮುಟ್ಟಲಿಲ್ಲ. ಖರ್ಜೂರದ ಪಾಕ ಬಂತು. ಅದನ್ನು ನಿಮ್ಮಮ್ಮ ತನ್ನ ಕಾಫಿಗೆ ಹಾಕಿಕೊಂಡು, ಒಂದು ಗುಟುಕು ಕುಡಿದು, ಕಾಫಿಯನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. ಜ್ಯೇಷ್ಠಮಧುವಿನ ಬೇರು ಬಂತು; ಅದನ್ನು ಹಾಕಿ ಕುದಿಸಿದ ಚಹಾ ಕುಡಿದವರಿಗೆ ನೆಗಡಿ ಇಲ್ಲದಿದ್ದರೂ ಇದೆ ಎನಿಸುತ್ತದೆ. ಕೊನೆಗೆ ಬಂದದ್ದು ಕುಂಡದಲ್ಲಿ ಕೂತ ಒಂದು ಸಸಿ. ನರ್ಸರಿಯವನು ಮೀಠೀ ತುಳಸಿ, ಸಿಹಿ ತುಳಸಿ, ಎಂದು ಹೇಳಿ ಕೊಟ್ಟನಂತೆ. ತುಳಸಿ ಎಂದಮೇಲೆ ನಾನು ಬಿಡುತ್ತೇನೆಯೇ? ಮರುದಿನ ಸ್ನಾನ ಮಾಡಿ ನಮ್ಮ ತುಳಸಿಯ ಜೊತೆಗೆ ಅದಕ್ಕೂ ನೀರು ಹಾಕಿ, ಕುಂಕುಮ ಏರಿಸಿ, ಒಂದು ಸುತ್ತು ಬಂದೆ.

"ಅಜ್ಜಿ, ಅದು ಸ್ಟೀವಿಯಾ ಐತಿ! ಶುಗರ್‌ಲೆಸ್ ದೇವರು!" ಎಂದು ಅನಿಕೇತ ನೆಲಕ್ಕೆ ಬಿದ್ದು ನಕ್ಕ.

ನಗಲಿ. ಹಾಕಿದ ನೀರು ವ್ಯರ್ಥವಾಗಲಿಲ್ಲ, ಸಸಿ ಚೆನ್ನಾಗಿ ಚಿಗುರಿದೆ. ಅದರ ಎಲೆ ನಾಲಿಗೆಗೆ ಮೊದಲು ಸಿಹಿ, ಆಮೇಲೆ ಕಹಿ. ಸಣ್ಣ ಸುಳ್ಳು ಹೇಳಿ ದಕ್ಕಿಸಿಕೊಂಡ ಮೇಲೆ ಬಾಯಲ್ಲಿ ಉಳಿಯುತ್ತದಲ್ಲ, ಆ ರುಚಿ. ನನಗೆ ಅದರ ಪರಿಚಯವಿದೆ. ಯಾಕೆಂದು ಹೇಳುತ್ತೇನೆ.

ನನ್ನ ತವರು ಮುಧೋಳದ ಕಡೆಯ ಹಳ್ಳಿ. ಸುತ್ತ ಕಬ್ಬು, ನಡುವೆ ಗಾಣ. ಚಳಿಗಾಲದ ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ದೊಡ್ಡ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಬರುತ್ತಿತ್ತು, ನಮ್ಮ ಕಾಲು ತಾವೇ ಗಾಣದ ಕಡೆ ತಿರುಗುತ್ತಿದ್ದವು. ಕೈಗೆ ಬಿಸಿ ಬೆಲ್ಲ ಅಂಟಿಸಿಕೊಂಡು ಹೋದ ದಿನ ಪಾಟಿಯೂ ಅಂಟು, ಮಾಸ್ತರರ ಛಡಿಯೂ ಅಂಟು. ಮನೆಗೆ ಬಂದವರಿಗೆ ಬೆಲ್ಲ ನೀರು, ಚಹಾಕ್ಕೂ ಬೆಲ್ಲ. ಆದರೆ ಸಾಹೇಬರು ಯಾರಾದರೂ ಬಂದರೆ ಅಪ್ಪ ಅಂಗಡಿಯಿಂದ ಸಕ್ಕರೆಯ ಪುಡಿಕೆ ತರಿಸುತ್ತಿದ್ದ. ಬೆಲ್ಲದ ಚಹಾ ಕೊಡುವುದಕ್ಕೆ ನಮಗೆ ನಾಚಿಕೆ. ಈಗ ನೋಡಿದರೆ ಆ ಬೆಲ್ಲವೇ ಪುಡಿಯಾಗಿ, ಅಂಗಡಿಯ ಗಾಜಿನ ಬಾಟಲಿಯೊಳಗೆ ಕೂತು, ಸಕ್ಕರೆಯನ್ನು ಕೀಳಾಗಿ ನೋಡುತ್ತಿದೆ. ನಮ್ಮೂರ ಹುಡುಗಿ ದೊಡ್ಡ ಮನೆಯ ಸೊಸೆಯಾದದ್ದನ್ನು ಕಂಡಂತೆ ನನಗೆ ಒಳಗೊಳಗೇ ಹೆಮ್ಮೆ.

ಊರ ಬೆಲ್ಲದ ಮೇಲಿನ ಇಂಥ ಹೆಮ್ಮೆಯೇ ಹಿಂದೊಮ್ಮೆ ನನ್ನನ್ನು ತಪ್ಪಿಗೆ ತಳ್ಳಿತು. ನಿಮ್ಮ ಅಜ್ಜ ನಾಶಿಕದ ಹತ್ತಿರ ಓಝರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್ ಆಗಿದ್ದದ್ದು ನಿಮಗೆ ಗೊತ್ತು. ಅವರಿಗೆ ಸಕ್ಕರೆ ಕಾಯಿಲೆ ಬಂದಾಗ ನಿಮ್ಮಪ್ಪ ಪುಣೆಯಲ್ಲಿ ಓದುತ್ತಿದ್ದ. ಸಿಹಿ ಬಿಡಬೇಕು ಎಂದು ಡಾಕ್ಟರರು ಹೇಳಿದರು. ಸಪ್ಪೆ ಚಹಾ ಮುಂದಿಟ್ಟರೆ ಅವರ ಮುಖ ನೋಡಲಾಗುತ್ತಿರಲಿಲ್ಲ. ನಾನು ನನ್ನ ಬುದ್ಧಿ ಓಡಿಸಿದೆ. ಕಾಯಿಲೆ ಸಕ್ಕರೆಯದು, ಹಾಗಾದರೆ ಸಕ್ಕರೆ ಬಿಟ್ಟರಾಯಿತು. ಬೆಲ್ಲದ ಕಾಯಿಲೆ ಎಂದು ಯಾರೂ ಹೇಳಿಲ್ಲವಲ್ಲ? ಕಬ್ಬು ಹೊಲದ್ದು, ಗಾಣ ನಮ್ಮೂರಿನದು, ಕೆಡುಕು ಎಲ್ಲಿಂದ ಬಂದೀತು? ತವರಿನಿಂದ ಬೆಲ್ಲ ತರಿಸಿದೆ.

ಮೊದಲ ದಿನ ಹಾಲು ಕುದಿಯುವಾಗಲೇ ಬೆಲ್ಲ ಹಾಕಿದೆ, ಚಹಾ ಒಡೆದುಹೋಯಿತು. "ಚಹಾ ಮಾಡೀಯೋ, ಪನೀರ್ ಮಾಡೀಯೋ?" ಎಂದರು. ಊರಲ್ಲಿ ಅವ್ವ ಪಾತ್ರೆ ಇಳಿಸಿದ ಮೇಲೆ ಬೆಲ್ಲ ಹಾಕುತ್ತಿದ್ದಳೆಂದು ಆಗ ನೆನಪಾಯಿತು. ಎರಡನೆಯ ದಿನ ಸರಿಯಾಯಿತು. ಕಪ್ಪಿನ ಕೆಳಗಿನ ಬಸಿಯಲ್ಲಿ ಸುರುವಿಕೊಂಡು, ಕಣ್ಣು ಮುಚ್ಚಿ ಕುಡಿದರು. "ಇನ್ನೊಂದೀಟ ಹಾಕು" ಎಂದರು. ಹಾಕಿದೆ. ನಾಲ್ಕು ತಿಂಗಳು ಹೀಗೆಯೇ ಹಾಕಿದೆ, ದಿನಕ್ಕೆ ಮೂರು ಸಲ, ನನ್ನ ಕೈಯಾರೆ.

ಮುಂದಿನ ಸಲ ದವಾಖಾನೆಗೆ ಹೋದಾಗ ಡಾಕ್ಟರರು ರಿಪೋರ್ಟು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಕ್ಕರೆ ಇಳಿಯುವ ಬದಲು ಏರಿತ್ತು. ಏನು ತಿನ್ನುತ್ತೀರಿ, ಸಕ್ಕರೆಯೇ? ಬೆಲ್ಲವೇ? ಬೆಲ್ಲವೂ ರಕ್ತಕ್ಕೆ ಸಕ್ಕರೆಯೇ, ಜೇನೂ ಹಾಗೆಯೇ, ಎಂದು ಮರಾಠಿಯಲ್ಲಿ ಜೋರು ಮಾಡಿದರು. ನಾನು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದೆ. ನಿಮ್ಮ ಅಜ್ಜ ಹೇಳಿದರು, ಬಸ್ ಸ್ಟ್ಯಾಂಡಿನ ಎದುರಿಗಿರುವ ಗಾಡಿಯಲ್ಲಿ ದಿನಾ ಚಹಾ ಕುಡಿಯುತ್ತೇನೆ, ತಪ್ಪು ನನ್ನದೇ, ಎಂದು. ಹೊರಗೆ ನೀರು ಸಹ ಕುಡಿಯದ ಮನುಷ್ಯ! ಡಾಕ್ಟರರು ನನ್ನ ಕಡೆ ತಿರುಗಿ, ಇವರ ಮೇಲೆ ಸ್ವಲ್ಪ ಕಣ್ಣಿಡಿ ತಾಯಿ, ಎಂದರು. ನಾನು ತಲೆ ಆಡಿಸಿದೆ.

ಇಬ್ಬರೂ ಮನೆಗೆ ಬಂದೆವು. ಸಂಜೆ ಅಡುಗೆಮನೆಗೆ ಹೋದರೆ ಅವರೇ ಒಲೆಯ ಮುಂದೆ ನಿಂತಿದ್ದಾರೆ. ಚಹಾ ಮಾಡಿ, ಏನೂ ಹಾಕದೆ, ಎರಡು ಕಪ್ಪಿಗೆ ಸುರುವಿದರು.

"ನಿಮ್ಮೂರ ಬೆಲ್ಲ ಭಾಳ ಛಲೋ ಐತಿ" ಎಂದರು. "ಇನ್ನ ಮ್ಯಾಲ ಅದನ್ನ ದೇವರಿಗೆ ಇಡು. ಅವರಿಗೇನೂ ಆಗೂದಿಲ್ಲ."

"ನಾ ಡಾಕ್ಟರಗ ಹೇಳಬೇಕಾಗಿತ್ತರಿ" ಎಂದೆ.

"ಏನಂತ? ಇನ್ನೊಂದೀಟ ಹಾಕು ಅಂದಾಂವ ನಾನs ಅಲ್ಲೇನು?"

ಅಷ್ಟೇ. ಆಮೇಲೆ ಅವರು ಬದುಕಿದ್ದ ಒಂಬತ್ತು ವರ್ಷ ಆ ಮಾತು ತೆಗೆಯಲಿಲ್ಲ. ಕೊನೆಗೆ ಅವರನ್ನು ಒಯ್ದದ್ದು ಸಕ್ಕರೆಯಲ್ಲ, ಯಾವುದೋ ಜ್ವರ. ಆದರೂ ಆ ನಾಲ್ಕು ತಿಂಗಳು ನನ್ನ ಎದೆಯಲ್ಲಿ ಅಂಟಿಕೊಂಡೇ ಇದೆ, ಗಾಣದ ಬೆಲ್ಲ ಅಂಗೈಗೆ ಅಂಟಿದ ಹಾಗೆ.

ಆ ಒಂಬತ್ತು ವರ್ಷ ಸಂಜೆ ನಾವಿಬ್ಬರೂ ಮನೆಯ ಮೆಟ್ಟಿಲ ಮೇಲೆ ಕೂತು ಸಪ್ಪೆ ಚಹಾ ಕುಡಿದೆವು. ನನಗೆ ಸಕ್ಕರೆ ಬೇಕೇ ಎಂದು ಅವರು ಕೇಳಲಿಲ್ಲ, ಬೇಕೆಂದು ನಾನೂ ಹೇಳಲಿಲ್ಲ. ದಿಂಡೋರಿ ಕಡೆಯಿಂದ ದ್ರಾಕ್ಷಿಯ ಟೆಂಪೋಗಳು ಹೋಗುತ್ತಿದ್ದವು. ಒಮ್ಮೊಮ್ಮೆ ಕಾರ್ಖಾನೆಯ ವಿಮಾನವೊಂದು ತಲೆಯ ಮೇಲೆ ಗುಡುಗಿಕೊಂಡು ಹೋದರೆ ಬಸಿಯ ಚಹಾದಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತಿದ್ದವು. ಅವರು ಕುಡಿಯುವುದನ್ನು ನಿಲ್ಲಿಸಿ, ಕಿವಿ ಕೊಟ್ಟು, "ನಮ್ಮದs" ಎನ್ನುತ್ತಿದ್ದರು. ಮನೆಯ ಮಗು ರಸ್ತೆಯಲ್ಲಿ ಓಡಿಹೋದಂತೆ.

ಈಗ ಸೋಮವಾರದ ಸಂಗತಿ. ಭಾನುವಾರ ನೀವೆಲ್ಲ ದೌಲತಾಬಾದಿನ ಕಡೆ ಹೋದಿರಿ, ಸೀತಾಫಲದ ಜೊತೆಗೆ ರಸ್ತೆಯಂಚಿನ ಅಂಗಡಿಯಿಂದ ಬೆಲ್ಲದ ದೊಡ್ಡ ಗಟ್ಟಿ ತಂದಿರಿ. ಮರುದಿನ ನಿಮ್ಮಪ್ಪ ಚಿಕಲಠಾಣಾದ ಕೆಲಸದಿಂದ ಬಂದೊಡನೆ ಮುಕ್ತಾ ಬೆಲ್ಲದ ಚಹಾ ಮಾಡಿದಳು. "ಗೂಳ ನ್ಯಾಚುರಲ್ ಐತಿ ಪಪ್ಪಾ, ಚಾಲತಂ" ಎಂದಳು, ಬೆಲ್ಲವಾದರೆ ನಡೆಯುತ್ತದೆ ಎಂದು. ಅವನು ಕಪ್ಪು ತೆಗೆದುಕೊಂಡು ಕಣ್ಣು ಮುಚ್ಚಿದ. ಥೇಟ್ ಅವನ ಅಪ್ಪನ ಹಾಗೆ! ನನ್ನ ಕೈ ನನ್ನನ್ನು ಕೇಳದೆಯೇ ಮುಂದೆ ಹೋಯಿತು.

"ಪ್ರಕಾಶಾ, ಬ್ಯಾಡ."

"ಯಾಕವ್ವಾ? ಇದು ಬೆಲ್ಲ."

"ಗೊತ್ತೈತಿ. ರಕ್ತಕ್ಕ ಎರಡೂ ಒಂದ. ಬ್ಯಾಡ ಅಂದ್ರ ಬ್ಯಾಡ."

ಮುಕ್ತಾ ಫೋನು ತೆಗೆದು ಓದಿದಳು. ಓದುತ್ತಾ ಓದುತ್ತಾ ಮುಖ ಸಣ್ಣದು ಮಾಡಿಕೊಂಡಳು. "ಅಜ್ಜಿ ಬರೋಬರ್ ಹೇಳ್ತಾಳ" ಎಂದು ಕಪ್ಪನ್ನು ತಾನೇ ಎತ್ತಿಕೊಂಡು ಹೋದಳು. ತಿರುಗಿ ಬಂದು ಕೇಳಿದಳು, "ಆದ್ರ ಅಜ್ಜಿ, ನಿನಗ ಹೆಂಗ ಗೊತ್ತು?"

ಇಷ್ಟು ಬರೆದದ್ದು ಆ ಪ್ರಶ್ನೆಗೆ ಉತ್ತರ. ಮುಕ್ತಾ, ಮುಖ ಸಣ್ಣದು ಮಾಡಿಕೊಳ್ಳಬೇಡ. ನೀನು ಒಂದು ಕಪ್ಪು ಮಾಡಿದೆ, ನಾನು ನಾಲ್ಕು ತಿಂಗಳು ಮಾಡಿದವಳು. ಅಕ್ಕರೆಗೆ ಸಿಹಿ ಸೇರಿಸಲು ಹೋಗಿ ಎಡವುವುದು ನಮ್ಮ ಮನೆಯ ಹೆಂಗಸರ ಗುಣವಿರಬಹುದು. ಡಾಕ್ಟರರು ಒಪ್ಪಿದರೆ ನನ್ನ ಹೊಸ ತುಳಸಿಯ ಎಲೆ ಹಾಕಿ ಕೊಡು. ಇಲ್ಲದಿದ್ದರೆ ಸಪ್ಪೆಯದೇ ಇರಲಿ, ಆದರೆ ಅವನೊಬ್ಬನಿಗೇ ಕೊಟ್ಟು ನೀವು ಸಿಹಿ ಕುಡಿಯಬೇಡಿ.

ನನಗೆ ಯಾವ ಕಾಯಿಲೆಯೂ ಇಲ್ಲ, ಬೆಲ್ಲದ ಚಹಾ ಕುಡಿಯಬಹುದು. ಮೊನ್ನೆ ಕುಡಿದೂ ನೋಡಿದೆ. ನನಗೆ ಬೇಕಾದದ್ದು ಅದರಲ್ಲಿ ಇರಲಿಲ್ಲ. ಬೇಕಾಗಿರುವುದು ಆ ಮೆಟ್ಟಿಲಿನ ಸಪ್ಪೆ ಚಹಾ, ಅದರೊಳಗಿನ ಸಣ್ಣ ಉಂಗುರಗಳು. ನಿಮ್ಮಪ್ಪನ ಕೆಲಸದ ಈ ಊರಿನಲ್ಲೂ ವಿಮಾನಗಳು ಇಳಿಯುತ್ತವೆ, ಏರುತ್ತವೆ. ಸದ್ದು ಕೇಳಿದಾಗಲೆಲ್ಲ ನಾನು ಬಸಿಯನ್ನು ನೋಡುತ್ತೇನೆ. "ನಮ್ಮದs" ಎನ್ನುವವರಿಲ್ಲ.

ನಿಮ್ಮಿಬ್ಬರಿಗೂ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. ಗೊತ್ತಿದ್ದೇ ಬರೆದಿದ್ದೇನೆ, ನೀವು ಕೂಡಲೇ ಓದುವುದಿಲ್ಲ ಎಂಬ ಧೈರ್ಯ ಇಲ್ಲದಿದ್ದರೆ ನಾನೆಲ್ಲಿ ಬರೆಯುತ್ತಿದ್ದೆ? ಅಕ್ಷರ ಕಲಿಯಿರಿ, ನಿಧಾನಕ್ಕೆ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ. ಬೆಲ್ಲದ ಡಬ್ಬಿಯ ಹತ್ತಿರ ಮಾತ್ರ ಇಡಬೇಡಿ. ಬರೆಯುವಾಗ ಕೈಗೆ ಸ್ವಲ್ಪ ಬೆಲ್ಲ ಅಂಟಿತ್ತು, ನಿಮಗಿಂತ ಮೊದಲು ಇರುವೆಗಳು ಓದಿ ಮುಗಿಸಿಯಾವು.